ಕಿಲೋಮೀಟರ್ ಎಷ್ಟು, ಕಂಬ ಎಷ್ಟು?

ಹಳಿಯ ಮೇಲೆ ಕೆಲಸ ಮಾಡುವ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಎಲ್ಲಾದರೂ ಹಳಿ ಕೆಟ್ಟಿದ್ದು ಕಂಡರೆ ‘ಅಲ್ಲೆಲ್ಲೋ ಸರಿ ಇಲ್ಲ’ ಎಂದು ಹೇಳುವಂತಿಲ್ಲ. ಹಳಿಯ ಪಕ್ಕದ ಕಂಬಗಳ ಮೇಲೆ ನಂಬರ್ ಬರೆದಿರುತ್ತದೆ. ಅದನ್ನು ನೋಡಿ ಜಾಗ ಹೇಳಬೇಕು. ಕೆಲಸಕ್ಕೆ ಸೇರಿದ ವಾರದಲ್ಲೇ ನಾನು ಓಡಿಬಂದು ‘ಕಾಕಾ, ಆ ಕಡಿ ಹಳಿ ಖರಾಬ್ ಅದ’ ಎಂದಾಗ ನಮ್ಮ ಗ್ಯಾಂಗಿನ ಮುಖ್ಯಸ್ಥ ಮೇಟ್ ಕಾಕಾ ತಲೆ ಎತ್ತದೆ ಕೇಳಿದ್ದರು: ‘ಹಂಗಂದ್ರ ಯಾರಿಗಿ ತಿಳೀತದಪಾ? ಕಿಲೋಮೀಟರ್ ಎಷ್ಟು, ಕಂಬ ಎಷ್ಟು, ಅದು ಹೇಳು.’

ಈ ಮಾತು ಹಳಿಗಷ್ಟೇ ಸೇರಿದ್ದಲ್ಲ ಎಂದು ತಿಳಿಯಲು ನನಗೆ ಹದಿಮೂರು ವರ್ಷ ಬೇಕಾಯಿತು.

ನಾನು ಶಹಾಬಾದಿನವನು. ಅಪ್ಪ ಪರ್ಸಿ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ನಮ್ಮ ಕಡೆಯ ಸುಣ್ಣದ ಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿರುತ್ತದೆ. ಅಪ್ಪ ಉಳಿ ಇಡುವ ಮೊದಲು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಿದ್ದ. ದನಿ ಕಂಚಿನಂತೆ ಬಂದರೆ ಕಲ್ಲು ಗಟ್ಟಿ. ಬೊದ್ದು ದನಿ ಬಂದರೆ ಒಳಗೆ ಬಿರುಕು. ಅವನಿಗಿದ್ದ ಆಸೆ ಒಂದೇ, ಮಗ ಖಣಿಗೆ ಇಳಿಯಬಾರದು. ಬಿ.ಎ. ಮುಗಿಸಿ 2006ರಲ್ಲಿ ನಾನು ರೈಲ್ವೆ ಗ್ಯಾಂಗ್‌ಮನ್ ಆದಾಗ ಇಡೀ ಓಣಿಗೆ ಪೇಢೆ ಹಂಚಿದ. ಸರ್ಕಾರಿ ನೌಕರಿ, ಕ್ವಾರ್ಟರ್ಸು, ಪಾಸು. ಎರಡು ವರ್ಷ ಹೇಗೋ ಕಳೆದು, ಇಲಾಖೆಯ ಪರೀಕ್ಷೆ ಬರೆದು ಕ್ಲರ್ಕ್ ಆಗುತ್ತೇನೆ ಎಂದು ನಾನು ಲೆಕ್ಕ ಹಾಕಿದ್ದೆ. ಎರಡು ಸಲ ಬರೆದೆ. ಎರಡು ಸಲವೂ ಆಗಲಿಲ್ಲ.

ಆಮೇಲೆ ಕೀಮ್ಯಾನ್ ಆದೆ. ಹಿಂದೆ ಹಳಿಯನ್ನು ಬಿಗಿಹಿಡಿಯುತ್ತಿದ್ದ ಬೆಣೆಗೆ ‘ಕೀ’ ಎನ್ನುತ್ತಿದ್ದರು. ಅದನ್ನು ನೋಡಿಕೊಳ್ಳುವವನು ಕೀಮ್ಯಾನ್. ಈಗ ಬೆಣೆಯ ಜಾಗದಲ್ಲಿ ಸುರುಳಿ ಸುತ್ತಿದ ಉಕ್ಕಿನ ಕ್ಲಿಪ್ ಬಂದಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಒಂದು ಕಿಲೋಮೀಟರ್ ಹಳಿಗೆ ಸುಮಾರು 1,660 ಕಾಂಕ್ರೀಟ್ ಸ್ಲೀಪರ್, ಒಂದು ಸ್ಲೀಪರ್‌ಗೆ ನಾಲ್ಕು ಕ್ಲಿಪ್. ನನ್ನ ಬೀಟು ಆರು ಕಿಲೋಮೀಟರ್. ಅಂದರೆ ಒಂದು ಹಳಿಯಲ್ಲೇ ಸುಮಾರು 40 ಸಾವಿರ ಕ್ಲಿಪ್ಪು. ಹೆಗಲಿಗೆ ಸುತ್ತಿಗೆ, ಪಾನಾ, ಕೆಂಪು–ಹಸಿರು ಬಾವುಟ, ಡಬ್ಬಿಯಲ್ಲಿ ಪಟಾಕಿ, ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ನೀರಿನ ಬಾಟಲಿ. ಬೆಳಿಗ್ಗೆ ಹೊರಟು ಖಡಿಯ ಮೇಲೆ ಹೆಜ್ಜೆ ಇಡುತ್ತಾ, ಸಂಶಯ ಬಂದ ಕ್ಲಿಪ್ಪಿಗೆ ಬಡಿಯುತ್ತಾ ಹೋಗಬೇಕು. ಬಿಗಿಯಾಗಿದ್ದರೆ ‘ಠಣ್’ ಅನ್ನುತ್ತದೆ. ಸಡಿಲವಾಗಿದ್ದರೆ ಅಪ್ಪನ ಬಿರುಕು ಕಲ್ಲಿನ ಅದೇ ಬೊದ್ದು ದನಿ.

ಇಷ್ಟು ಸಣ್ಣ ಕ್ಲಿಪ್ಪಿಗೆ ಇಷ್ಟು ಕಾವಲು ಯಾಕೆ ಎಂದು ಮೊದಮೊದಲು ನನಗೂ ಅನಿಸುತ್ತಿತ್ತು. ಈಗಿನ ಹಳಿಯನ್ನು ಉದ್ದಕ್ಕೂ ಬೆಸೆದಿರುತ್ತಾರೆ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಹಳಿಯ ಬಿಸಿ 40 ಡಿಗ್ರಿ ಏರಿದರೆ ಒಂದು ಕಿಲೋಮೀಟರ್ ಹಳಿ ಸುಮಾರು 46 ಸೆಂಟಿಮೀಟರ್ ಉದ್ದವಾಗಲು ನೋಡುತ್ತದೆ. ಅದನ್ನು ಬೆಳೆಯಗೊಡದೆ ಹಿಡಿದಿಡುವುದು ಕ್ಲಿಪ್ಪು, ಸ್ಲೀಪರು, ಖಡಿ ಈ ಮೂರೇ. ಹಿಡಿತ ತಪ್ಪಿದರೆ ಹಳಿ ಹಾವಿನಂತೆ ಸೊಟ್ಟಗಾಗುತ್ತದೆ. ನಮ್ಮ ಭಾಗದ ಮೇ ತಿಂಗಳು ಹೇಗಿರುತ್ತದೆ ಎಂದು ಕಲಬುರಗಿ ಕಡೆಯವರಿಗೆ ಹೇಳಬೇಕಿಲ್ಲ. ಆ ಬಿಸಿಲಲ್ಲಿ ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಹೊತ್ತ ಗೂಡ್ಸ್ ಗಾಡಿಗಳು ಸಾವಿರಾರು ಟನ್ ಭಾರ ಹೇರಿಕೊಂಡು ಇದೇ ಕ್ಲಿಪ್ಪುಗಳ ಮೇಲೆ ಹಾಯುತ್ತವೆ.

ಕೆಲಸ ಗೊತ್ತಿತ್ತು. ಅದರ ಬೆಲೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನನ್ನ ಹೆಂಡತಿ ಚಿಂಚೋಳಿ ತಾಲ್ಲೂಕಿನವಳು. ಅಲ್ಲಿಗೆ ರೈಲೇ ಇಲ್ಲ, ಹೋಗಬೇಕೆಂದರೆ ಬಸ್ಸು. ಒಮ್ಮೆ ಅವರ ಮನೆಯ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತಾಗ ಪಕ್ಕದ ಹಿರಿಯರು ಕೇಳಿದರು.

‘ಅಳಿಯಂದ್ರು ಏನ್ ಮಾಡ್ತೀರಿ?’

‘ರೈಲ್ವೆದಾಗ ಅದೀನ್ರಿ.’

‘ಟಿ.ಸಿ. ಏನ್ರಿ?’

‘ಅಲ್ರಿ, ಪಟ್ರಿ ಮ್ಯಾಲ.’

‘ಹೌದಾ’ ಎಂದು ಅವರು ಎಲೆಯ ಕಡೆ ತಿರುಗಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಆ ‘ಹೌದಾ’ ನನ್ನೊಳಗೆ ಎಷ್ಟೋ ವರ್ಷ ಕೂತಿತ್ತು. ಶಾಲೆಯ ಫಾರ್ಮಿನಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಮಗಳು ‘ರೈಲ್ವೆ ನೌಕರ’ ಎಂದಷ್ಟೇ ಬರೆದಾಗ, ಹೀಗೆ ಬರೆ ಎಂದು ಹೇಳಿಕೊಟ್ಟವನು ನಾನೇ.

2019ರ ಬೇಸಿಗೆ ನನ್ನ ಪಾಲಿಗೆ ಕೆಟ್ಟದಾಗಿತ್ತು. ಅಗ್ಗದ ಡೇಟಾ ಬಂದು ಎಲ್ಲರ ಕೈಗೂ ಇಂಟರ್ನೆಟ್ ಸಿಕ್ಕಿತ್ತು. ರಾತ್ರಿ ಉಂಡು ಅಂಗಳದಲ್ಲಿ ಮಲಗಿ ಫೋನ್ ತೆರೆದರೆ ಹಾಸ್ಟೆಲ್ ಗೆಳೆಯನ ಬೆಂಗಳೂರಿನ ಹೊಸ ಮನೆ, ಇನ್ನೊಬ್ಬನ ದುಬೈ ಫೋಟೋ. ‘ನೌಕರಿ ಬಿಟ್ಟು ಗೆದ್ದವರು’ ಎಂಬ ವಿಡಿಯೊ ಒಂದು ಮುಗಿದರೆ ಇನ್ನೊಂದು ತಾನಾಗಿಯೇ ಶುರುವಾಗುತ್ತಿತ್ತು. ರೈಲಿನ ವಿಡಿಯೊಗಳನ್ನೂ ನೋಡುತ್ತಿದ್ದೆ. ಎಂಜಿನ್ ಚೆಂದ, ಬೋಗಿ ಚೆಂದ, ವೇಗ ಚೆಂದ ಎಂದು ಸಾವಿರ ಮಂದಿ ಬರೆದಿರುತ್ತಿದ್ದರು. ಅದರ ಕೆಳಗಿನ ಹಳಿಯ ಬಗ್ಗೆ ಒಬ್ಬರೂ ಬರೆದದ್ದು ಕಾಣಲಿಲ್ಲ. ಮೂವತ್ತೇಳರ ವಯಸ್ಸು. ಬಿಡಲೂ ಆಗದು, ಇರಲೂ ಆಗದು. ಬೆಳಿಗ್ಗೆ ಸುತ್ತಿಗೆ ಎತ್ತುವಾಗ ಕೈ ಭಾರವಾಗುತ್ತಿತ್ತು.

ಆ ವರ್ಷವೇ ಮೇಟ್ ಕಾಕಾ ರಿಟೈರ್ ಆಗುವವರಿದ್ದರು. ಚಿತ್ತಾಪುರದ ಹತ್ತಿರ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಬಾಯಿಬಿಟ್ಟೆ: ‘ಕಾಕಾ, ಈ ನೌಕರಿನೇ ಬ್ಯಾಡಾಗ್ಯಾದ್ರಿ.’

ಅವರು ರೊಟ್ಟಿ ಮುರಿಯುತ್ತಾ ಕೇಳಿದರು: ‘ಕಿಲೋಮೀಟರ್ ಎಷ್ಟು? ಕಂಬ ಎಷ್ಟು?’

ನಾನು ಸುಮ್ಮನಾದೆ. ‘ಆರ್ ಕಿಲೋಮೀಟರ್ ಹಳಿ ಎಲ್ಲಾ ಖರಾಬ್ ಇರಲ್ಲಪಾ. ಎಲ್ಲಿ ಢಿಲಾ ಅದ ಅಲ್ಲಿ ಬಡಿ. ಬರಕೋ’ ಎಂದರು.

ಅಂದು ರಾತ್ರಿ ಫೋನ್ ಬದಿಗಿಟ್ಟು ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆ. ಒಂದೇ ಸಲಕ್ಕೆ ಮುಗಿಯಲಿಲ್ಲ, ಹದಿನೈದು ದಿನ ಹಿಡಿಯಿತು. ಕೊನೆಗೆ ಉಳಿದದ್ದು ನಾಲ್ಕು ಜಾಗ.

ಮೊದಲನೆಯದು ದುಡ್ಡು ಮತ್ತು ಮುಪ್ಪು. 2004ರ ಜನವರಿ 1ರಿಂದ ಈಚೆಗೆ ಸೇರಿದ ನಮಗೆ ಹಳೆಯ ಪಿಂಚಣಿ ಇಲ್ಲ. ಅದೇ ಹಳಿ, ಅದೇ ಬಿಸಿಲು. ಆದರೆ ಕಾಕಾಗೆ ಇದ್ದ ಧೈರ್ಯ ನನಗಿಲ್ಲ. ಈ ಅಸಮಾಧಾನ ನಿಜವಾದದ್ದು. ಆದರೆ ಇದು ನನ್ನೊಬ್ಬನ ಹಣೆಬರಹವಲ್ಲ, ಲಕ್ಷಾಂತರ ನೌಕರರದ್ದು. ಇಂಥದಕ್ಕೆ ರಾತ್ರಿ ಒಬ್ಬನೇ ಕೊರಗಿದರೆ ಆಗುವುದೇನೂ ಇಲ್ಲ. ಅಂದಿನಿಂದ ಯೂನಿಯನ್ ಸಭೆ ತಪ್ಪಿಸಿಲ್ಲ. ಎಷ್ಟೋ ವರ್ಷ ಎಲ್ಲ ಕಡೆ ಕೂಗಿದ ಮೇಲೆ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿ ಯೋಜನೆ ಬಂದಿದೆ. ನಾವು ಕೇಳಿದ್ದು ಪೂರ್ತಿ ಸಿಕ್ಕಿಲ್ಲ. ಆದರೂ ಗುಂಪಾಗಿ ಕೇಳಿದ್ದಕ್ಕೆ ಒಂದಿಷ್ಟಾದರೂ ಸಿಕ್ಕಿದೆ.

ಎರಡನೆಯದು ಜೀವಭಯ. ಇದನ್ನು ನಾವು ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಗ್ಯಾಂಗಿನ ಒಬ್ಬರು ಒಂದು ಗಾಡಿಗೆ ದಾರಿ ಬಿಟ್ಟು ಪಕ್ಕದ ಹಳಿಯ ಮೇಲೆ ನಿಂತರು. ಆ ಹಳಿಯ ಮೇಲೆ ಬಂದ ಗಾಡಿಯ ಸದ್ದು ಮೊದಲನೆಯದರ ಸದ್ದಿನಲ್ಲಿ ಮುಳುಗಿತ್ತು. ಅವರ ಬುತ್ತಿಯ ಡಬ್ಬಿ ತೆರೆದಿರಲಿಲ್ಲ. 2012ರಲ್ಲಿ ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸುರಕ್ಷತಾ ಸಮಿತಿ ಕೊಟ್ಟ ವರದಿಯಲ್ಲಿ ಕೆಲವೇ ವರ್ಷಗಳಲ್ಲಿ ಕೆಲಸದ ಮೇಲೆ ಸತ್ತ ರೈಲ್ವೆ ನೌಕರರ ಸಂಖ್ಯೆ ಸಾವಿರ ದಾಟಿತ್ತು. ಈಗ ಹೊಸ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಸುತ್ತಿಗೆ ಹಿಡಿಯುವುದನ್ನಲ್ಲ, ನಿಲ್ಲುವ ಜಾಗವನ್ನು. ಗಾಡಿ ಬಂದರೆ ಎರಡೂ ಹಳಿ ಬಿಟ್ಟು ಕೆಳಗೆ ಇಳಿ. ಕಿವಿಯನ್ನು ನಂಬಬೇಡ, ಕತ್ತು ತಿರುಗಿಸಿ ಕಣ್ಣಿಂದ ನೋಡು.

ಮೂರನೆಯದು ಫೋನಿನಿಂದ ಬಂದದ್ದು. ಗೆಳೆಯನ ಮನೆಯ ಫೋಟೋ ನೋಡುವ ಮುನ್ನ ನನ್ನ ಮನೆ ನನಗೆ ಸಣ್ಣದೆನಿಸಿರಲಿಲ್ಲ. ಇದನ್ನು ಬರೆದಾಗ ನಾಚಿಕೆಯಾಯಿತು, ಹಗುರವೂ ಆಯಿತು. ಫೋನ್ ಬಿಟ್ಟಿಲ್ಲ. ಮಲಗುವ ಮುನ್ನ ನೋಡುವುದನ್ನು ಮಾತ್ರ ಬಿಟ್ಟೆ. ಒಂದು ತಿಂಗಳಲ್ಲಿ ನಿದ್ದೆ ತಿರುಗಿ ಬಂತು.

ನಾಲ್ಕನೆಯದರ ಮುಂದೆ ‘ಕೆಲಸ’ ಎಂದು ಬರೆದು ಬಹಳ ದಿನ ಖಾಲಿ ಬಿಟ್ಟಿದ್ದೆ. ಆ ಕಾಲಕ್ಕೆ ಅಪ್ಪ ಹಾಸಿಗೆ ಹಿಡಿದಿದ್ದ. ಒಂದು ಸಂಜೆ ಕೇಳಿದ: ‘ಚಾವಿ ಢಿಲಾ ಅದ ಅಂತ ಹೆಂಗ ಗೊತ್ತಾಗ್ತದೋ?’ ಹೇಳಿದೆ. ಎದ್ದು ಕೂತ. ದನಿ ಹೇಗಿರುತ್ತದೆ, ಚಳಿಗೆ ಬದಲಾಗುತ್ತದಾ, ಮಳೆಗೆ ಬದಲಾಗುತ್ತದಾ ಎಂದು ಬಿಡದೆ ಕೇಳಿದ. ಉತ್ತರ ಹೇಳುತ್ತಾ ಹೇಳುತ್ತಾ ಒಂದು ತಾಸು ಹೋಯಿತು. ಅಷ್ಟು ಹೊತ್ತು ನಾನು ನನ್ನ ಕೆಲಸದ ಬಗ್ಗೆ ಯಾರೊಂದಿಗೂ ಮಾತಾಡಿರಲಿಲ್ಲ, ಯಾರೂ ಕೇಳಿರಲಿಲ್ಲ. ಆ ರಾತ್ರಿ ನಾಲ್ಕನೆಯದನ್ನು ಹೊಡೆದುಹಾಕಿದೆ. ಅಲ್ಲಿ ಕ್ಲಿಪ್ ಬಿಗಿಯಾಗಿಯೇ ಇತ್ತು.

ಆಮೇಲಿನ ಒಂದು ಡಿಸೆಂಬರ್. ಚಳಿಗೆ ಹಳಿ ಕುಗ್ಗುತ್ತದೆ, ಬೆಸುಗೆ ದುರ್ಬಲವಾಗಿದ್ದರೆ ಅಲ್ಲೇ ಬಿಡುತ್ತದೆ. ನಸುಕು ಹರಿಯುವ ಹೊತ್ತಿಗೆ ತೊಗರಿ ಹೊಲದ ಪಕ್ಕ ನಡೆಯುತ್ತಿದ್ದೆ. ಬೆಸುಗೆಯ ಜಾಗದಲ್ಲಿ ಹಳಿ ತುಂಡಾಗಿ ಎರಡು ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಮೊದಲು ಕಂಬ ನೋಡಿದೆ. ಸ್ಟೇಷನ್ ಮಾಸ್ತರರಿಗೆ ಫೋನ್ ಹಚ್ಚಿ ಕಿಲೋಮೀಟರ್, ಕಂಬ ಹೇಳಿದೆ. ಕೆಂಪು ಬಾವುಟ ಅಲ್ಲೇ ನೆಟ್ಟು, ಗಾಡಿ ಬರುವ ದಿಕ್ಕಿಗೆ ಓಡಿದೆ. 600 ಮೀಟರಿಗೆ ಹಳಿಯ ಮೇಲೆ ಒಂದು ಪಟಾಕಿ, 1,200 ಮೀಟರಿಗೆ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು. ಗಾಲಿ ಹಾಯ್ದರೆ ಅವು ಸಿಡಿಯುತ್ತವೆ, ಡ್ರೈವರ್ ಗಾಡಿ ನಿಲ್ಲಿಸುತ್ತಾರೆ. ಇನ್ನೊಂದು ಬಾವುಟ ಹಿಡಿದು ನಿಂತಾಗ ಎದೆ ಹೊಡೆದುಕೊಳ್ಳುವ ಸದ್ದು ನನಗೇ ಕೇಳುತ್ತಿತ್ತು.

ಪಟಾಕಿ ಸಿಡಿಯಲಿಲ್ಲ. ಮಾಸ್ತರರು ಗಾಡಿಯನ್ನು ಹಿಂದಿನ ಸ್ಟೇಷನ್ನಿನಲ್ಲೇ ತಡೆದಿದ್ದರು. ಗ್ಯಾಂಗ್ ಬಂದು ಬಿರುಕಿಗೆ ಪಟ್ಟಿ ಕೊಟ್ಟು ಕ್ಲಾಂಪ್ ಬಿಗಿದ ಮೇಲೆ ಗಾಡಿ ಮನುಷ್ಯ ನಡೆಯುವ ವೇಗದಲ್ಲಿ ದಾಟಿಹೋಯಿತು. ಅಂದು ನಡೆದದ್ದು ಇಷ್ಟೇ.

ಸಂಜೆ ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪು ತೆರೆದೆ. ಆ ಗಾಡಿಯಲ್ಲಿದ್ದ ಹುಡುಗನೊಬ್ಬ ಬೆಳಿಗ್ಗೆಯೇ ಬರೆದಿದ್ದ: ‘ಒಂದು ತಾಸಿನಿಂದ ಗಾಡಿ ನಿಲ್ಲಿಸ್ಯಾರ, ಯಾಕಂತ ಹೇಳೋರೂ ಇಲ್ಲ.’ ಕೆಳಗೆ ಹತ್ತು ಜನ ಬೈದಿದ್ದರು. ಹಿಂದಿನ ನಾನಾಗಿದ್ದರೆ ಫೋನ್ ಬದಿಗಿಟ್ಟು ಒಳಗೊಳಗೇ ಕುದಿಯುತ್ತಿದ್ದೆ. ಅಂದು ಬರೆದೆ. ಹಳಿ ಎಲ್ಲಿ ತುಂಡಾಗಿತ್ತು, ಯಾಕೆ ತುಂಡಾಗುತ್ತದೆ, ಯಾರು ಏನು ಮಾಡಿದರು, ಒಂದು ತಾಸು ಯಾಕೆ ಬೇಕಾಯಿತು ಎಂದು ವಿವರವಾಗಿ. ದೂರಲಿಲ್ಲ, ಹೊಗಳಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಹುಡುಗ ಕೇಳಿದ: ‘ಅಣ್ಣಾ, ಹಂಗಂದ್ರ ನೀವು ದಿನಾ ನಡೀತೀರೇನ್ರಿ?’

ಅವನಿಗೆ ಗೊತ್ತಿರಲಿಲ್ಲ. ಮದುವೆಯ ಪಂಕ್ತಿಯ ಹಿರಿಯರಿಗೂ ಗೊತ್ತಿರಲಿಲ್ಲ. ನಾನು ಅವರಿಗೆ ಹೇಳಿಯೇ ಇರಲಿಲ್ಲ. ‘ಪಟ್ರಿ ಮ್ಯಾಲ’ ಎಂದು ದನಿ ತಗ್ಗಿಸಿ, ಮಾತು ಅಲ್ಲಿಗೇ ನಿಲ್ಲಿಸಿದವನು ನಾನು. ನಮ್ಮ ಕೆಲಸ ಸರಿಯಾಗಿ ನಡೆದರೆ ಏನೂ ಆಗುವುದಿಲ್ಲ, ಏನೂ ಆಗದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಹೇಳುವುದೂ ನಮ್ಮ ಕೆಲಸದ ಒಂದು ಭಾಗವೇ. ಮಗಳ ಫಾರ್ಮಿನಲ್ಲಿ ಈಗ ‘ರೈಲ್ವೆ ಕೀಮ್ಯಾನ್’ ಎಂದಿದೆ.

ನಾನು ನಡೆಯುವ ಈ ವಾಡಿ–ಸಿಕಂದರಾಬಾದ್ ದಾರಿ 1874ರಲ್ಲಿ ತೆರೆಯಿತು. ಅಂದಿನಿಂದ ಗಾಡಿ ಓಡಬೇಕಾದರೆ ಯಾರೋ ಒಬ್ಬ ಹಳಿ ನೋಡುತ್ತಾ ನಡೆಯಲೇಬೇಕಿತ್ತು. ಅವರ ಹೆಸರು ಎಲ್ಲೂ ಬರೆದಿಲ್ಲ. ಆ ಸಾಲಿನಲ್ಲಿ ನಾನೂ ಇದ್ದೇನೆ ಎನ್ನುವುದು ಈಗ ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ.

2018ರಲ್ಲಿ ರೈಲ್ವೆ ಸುಮಾರು 63 ಸಾವಿರ ಗ್ರೂಪ್ ಡಿ ಹುದ್ದೆಗಳಿಗೆ ಅರ್ಜಿ ಕರೆದಾಗ ಕೋಟಿ ದಾಟಿ ಅರ್ಜಿ ಬಂದವು. ಆ ನೇಮಕಾತಿಯಲ್ಲಿ ನಮ್ಮ ಗ್ಯಾಂಗಿಗೆ ಎಂಜಿನಿಯರಿಂಗ್ ಓದಿದ ಒಬ್ಬ ಹುಡುಗ ಬಂದ. ಬುದ್ಧಿವಂತ. ಮೊನ್ನೆ ಅದೇ ಬೇವಿನ ಕೆಳಗೆ ಕೂತಾಗ ಹೇಳಿದ: ‘ಕಾಕಾ, ನನಗ ಇಲ್ಲಿ ಸಾಕಾಗ್ಯಾದ್ರಿ.’ ಕಾಕಾ ಎಂದು ಕರೆಸಿಕೊಳ್ಳುವ ವಯಸ್ಸು ನನಗೂ ಬಂದಿದೆ. ಇರು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನನಗೆ ಕೇಳಿದ್ದನ್ನೇ ಅವನಿಗೆ ಕೇಳಿದೆ.

ವಾರ ಬಿಟ್ಟು ಬಂದ. ಅವನ ಹಾಳೆಯಲ್ಲಿ ನಾಲ್ಕನೆಯದು ಖಾಲಿ ಇರಲಿಲ್ಲ. ಅವನಿಗೆ ಬೇಕಾಗಿದ್ದು ಓದಿದ ವಿದ್ಯೆಯ ಕೆಲಸ, ಈ ಕೆಲಸವಲ್ಲ. ಜೂನಿಯರ್ ಎಂಜಿನಿಯರ್ ಪರೀಕ್ಷೆಗೆ ಓದಲು ಶುರುಮಾಡಿದ್ದಾನೆ. ಸಂಜೆ ನನ್ನ ಕ್ವಾರ್ಟರ್ಸಿಗೆ ಬರುತ್ತಾನೆ, ನನ್ನ ಹೆಂಡತಿ ಚಹಾ ಕೊಡುತ್ತಾಳೆ, ಹಳಿಯ ಬಗ್ಗೆ ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. ಹೋಗಬೇಕಾದವನು ಹೋಗಲಿ. ಎಲ್ಲಿ ಸಡಿಲವಾಗಿದೆ ಎಂದು ತಿಳಿದು ಹೋಗಲಿ.

ನಾಳೆ ಬೆಳಿಗ್ಗೆ ನನ್ನ ಬೀಟಿದೆ. ಸುತ್ತಿಗೆಯ ಹಿಡಿ ಸವೆದಿದೆ, ಹೊಸದು ಹಾಕಿಸಬೇಕು.