ಇಂದಿನ ಧಮ್ಮ ಚಿಂತನೆ: ಒಬ್ಬರು ತಲೆ ಕಡೆ, ಒಬ್ಬರು ಕಾಲು ಕಡೆ



ಮಹಾವಗ್ಗದಲ್ಲಿ ಒಂದು ಘಟನೆ ಬರುತ್ತದೆ. ಭೇದಿಯಿಂದ ನರಳುತ್ತಿದ್ದ ಭಿಕ್ಕುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಇವನಿಂದ ತಮಗೇನೂ ಉಪಯೋಗವಿಲ್ಲವೆಂದು ಉಳಿದವರು ನೋಡುತ್ತಿರಲಿಲ್ಲ. ಬುದ್ಧರು ನೀರು ಹೊಯ್ದರು, ಆನಂದ ತೊಳೆದ. ಬುದ್ಧರು ತಲೆ ಕಡೆ, ಆನಂದ ಕಾಲು ಕಡೆ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ಬುದ್ಧರೂ ಒಬ್ಬರೇ ಎತ್ತಲಿಲ್ಲ, ಗಮನಿಸಿ.

ಗುಬ್ಬಿಯ ನಮ್ಮ ಅಕ್ಕನೊಬ್ಬರು ಲಕ್ವ ಹೊಡೆದ ಅತ್ತೆಯನ್ನು ಮೂರು ವರ್ಷದಿಂದ ಒಬ್ಬರೇ ಎತ್ತಿ ಕೂರಿಸುತ್ತಿದ್ದಾರೆ. ಕೂಲಿ ತಪ್ಪಿದೆ, ವಂದನೆಗೂ ಬರಲಾಗುತ್ತಿಲ್ಲ. ನೋಡಲು ಬಂದವರು ಪುಣ್ಯಗಿತ್ತಿ ಎಂದು ಹೊಗಳಿ, ಕಾಫಿ ಕುಡಿದು ಹೋಗುತ್ತಾರೆ. ಆ ಕಾಫಿಯನ್ನೂ ಅವರೇ ಕಾಯಿಸಬೇಕು!

ತೀರಿಕೊಂಡ ಭಿಕ್ಕುವಿನ ಚೀವರ, ಪಾತ್ರೆ ಅವನ ಆರೈಕೆ ಮಾಡಿದವರಿಗೆ ಸಲ್ಲಲಿ ಎಂದೂ ಮಹಾವಗ್ಗದಲ್ಲಿದೆ. ಆರೈಕೆಯನ್ನು ಬುದ್ಧರು ದುಡಿಮೆಯೆಂದೇ ಲೆಕ್ಕಕ್ಕೆ ಹಿಡಿದಿದ್ದರು ಅನಿಸುತ್ತದೆ ನನಗೆ.

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಬರೆದಿಟ್ಟುಕೊಳ್ಳಿ: ಹಿರಿಯರ ಸಹಾಯವಾಣಿ 14567. ನಿಮ್ಮ ಮನಸ್ಸೇ ಸೋತಾಗ ಟೆಲಿ ಮನಸ್ 14416. ಎರಡೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಂಗವಿಕಲರ ಗುರುತಿನ ಚೀಟಿ, ಪಿಂಚಣಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಈ ಭಾನುವಾರದಿಂದ ತುಮಕೂರಿನ ನಾವಿಬ್ಬರು, ಕುಣಿಗಲ್‌ನ ಒಬ್ಬರು ಸರದಿಯ ಮೇಲೆ ಅರ್ಧ ದಿನ ಅಕ್ಕನ ಮನೆಯಲ್ಲಿರುತ್ತೇವೆ. ಬುಧವಾರ, ಶುಕ್ರವಾರ ಖಾಲಿ ಇದೆ. ಬರುವವರು ಇಲ್ಲೇ ತಿಳಿಸಿ.