ಸಾರ್ವಜನಿಕ ಆಡಳಿತ: ಪುಸ್ತಕದ ಓದು, ಕಚೇರಿಯ ಪಾಠ



ಪ್ರತಿ ವರ್ಷ ಅರ್ಜಿಗಳನ್ನು ಪರಿಶೀಲಿಸುವಾಗ ನಮ್ಮ ಸಮಿತಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ನರ್ಸಿಂಗ್, ಬಿ.ಎಡ್., ಇಂಜಿನಿಯರಿಂಗ್ ಓದಿದವರು ಮುಂದೆ ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ಸಾರ್ವಜನಿಕ ಆಡಳಿತ ಓದಿದವರಿಂದ ಯಾರಿಗೆ ಏನು ಪ್ರಯೋಜನ? ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯ ಒಬ್ಬ ವಿದ್ಯಾರ್ಥಿನಿಯ ಆರು ವಾರಗಳ ಕ್ಷೇತ್ರಕಾರ್ಯ ಇದಕ್ಕೆ ಉತ್ತರ ಕೊಟ್ಟಿತು. ಆಕೆಯ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಆ ಅನುಭವವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಓದಿದ್ದು

1887ರಲ್ಲಿ ಅಮೆರಿಕದ ವುಡ್ರೋ ವಿಲ್ಸನ್ ಬರೆದ ಪ್ರಬಂಧದಿಂದ ಈ ಶಾಸ್ತ್ರ ಆರಂಭವಾಯಿತೆಂದು ಪಠ್ಯಗಳು ಹೇಳುತ್ತವೆ. 1937ರಲ್ಲಿ ಲೂಥರ್ ಗುಲಿಕ್ ಆಡಳಿತದ ಕೆಲಸವನ್ನು ಏಳಾಗಿ ವಿಂಗಡಿಸಿದರು: ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ, ಸಮನ್ವಯ, ವರದಿ, ಆಯವ್ಯಯ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ, 2005ರ ಮಾಹಿತಿ ಹಕ್ಕು ಕಾಯ್ದೆ, 2011ರ ಸಕಾಲ ಕಾಯ್ದೆ ಎಲ್ಲವನ್ನೂ ಆಕೆ ಓದಿದ್ದಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೂ ಬಂದಿದ್ದವು.

ಕಂಡದ್ದು

ಕ್ಷೇತ್ರಕಾರ್ಯಕ್ಕಾಗಿ ಆಕೆ ಅರ್ಜಿ ಸ್ವೀಕರಿಸುವ ಒಂದು ಸರ್ಕಾರಿ ಕಚೇರಿಯಲ್ಲಿ ಕುಳಿತಳು. ಬಂದವರಿಗೆ ಅರ್ಜಿ ತುಂಬಿಕೊಡುವುದು, ಸ್ವೀಕೃತಿ ಸಂಖ್ಯೆ ಓದಿ ಹೇಳುವುದು, ದಾಖಲೆಗಳನ್ನು ಜೋಡಿಸುವುದು ಆಕೆಯ ಕೆಲಸ.

ಎರಡನೇ ವಾರ ಒಬ್ಬ ವೃದ್ಧೆ ಬಂದರು. ವಿಧವಾ ವೇತನ ಮಂಜೂರಾಗಿತ್ತು, ಖಾತೆಗೆ ಹಣ ಬಂದಿರಲಿಲ್ಲ. ಬ್ಯಾಂಕಿನವರು ಕಚೇರಿಗೆ ಹೋಗಿ ಎಂದಿದ್ದರು, ಕಚೇರಿಯವರು ಬ್ಯಾಂಕಿಗೆ ಹೋಗಿ ಎಂದಿದ್ದರು. ವಿದ್ಯಾರ್ಥಿನಿ ಆದೇಶದ ಪ್ರತಿ ನೋಡಿ, "ಎಲ್ಲಾ ಸರಿಯಾಗಿದೆ ನಾನಿಮಾ, ಮುಂದಿನ ತಿಂಗಳು ಬರುತ್ತೆ" ಎಂದುಬಿಟ್ಟಳು.

ಮುಂದಿನ ತಿಂಗಳು ಹಣ ಬರಲಿಲ್ಲ. ಅವರೇ ಬಂದರು. "ನೀನು ಹೇಳಿದೆ ಅಂತ ಎರಡು ಸಲ ಬ್ಯಾಂಕಿಗೆ ಹೋಗಿ ಬಂದೆ, ಬೇಟಿ" ಎಂದಷ್ಟೇ ಹೇಳಿದರು. ಎರಡು ದಿನದ ಕೂಲಿ ಹೋಗಿತ್ತು. ಅಂದು ರಾತ್ರಿ ಆಕೆಗೆ ಊಟ ಸೇರಲಿಲ್ಲವೆಂದು ತಾಯಿ ನಮಗೆ ತಿಳಿಸಿದರು.

ಮರುದಿನ ಕಚೇರಿಯ ಹಿರಿಯ ನೌಕರರೊಬ್ಬರು ಆಕೆಗೆ ಒಂದು ಬಿಳಿ ಹಾಳೆ ಕೊಟ್ಟರು. "ಮನವಿ ಆಮೇಲೆ ಬರೆಯಮ್ಮ. ಮೊದಲು ಅವರ ಎಲ್ಲಾ ಕಾಗದದಲ್ಲಿ ಹೆಸರು ಹೇಗಿದೆ, ಒಂದರ ಕೆಳಗೆ ಒಂದು ಬರಿ" ಎಂದರು. ಬರೆದಾಗ ಕಾರಣ ಕಣ್ಣಿಗೆ ಬಿತ್ತು. ಆಧಾರ್‌ನಲ್ಲಿ ಹೆಸರಿನ ಕೊನೆಗೆ "ಬೀ", ಪಡಿತರ ಚೀಟಿಯಲ್ಲಿ "ಬೀಬಿ", ಪಾಸ್‌ಬುಕ್ಕಿನಲ್ಲಿ "ಬೇಗಂ". ಆ ವ್ಯತ್ಯಾಸದಿಂದಾಗಿ ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ.

ಈ ತೊಂದರೆ ನಮ್ಮವರಿಗೆ ಮಾತ್ರವಲ್ಲ. ಒಂದು ಕಾಗದದಲ್ಲಿ "ಅಮ್ಮ" ಸೇರಿ ಇನ್ನೊಂದರಲ್ಲಿ ಬಿಟ್ಟುಹೋದ ಹೆಸರುಗಳು, ಇನಿಷಿಯಲ್ ಹಿಂದುಮುಂದಾದ ಹೆಸರುಗಳು ಎಲ್ಲ ಮನೆಗಳಲ್ಲೂ ಇವೆ.

ಕಲಿತದ್ದು

ಆಕೆ ತನ್ನ ವರದಿಯಲ್ಲಿ ಬರೆದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಗುಲಿಕ್ ಹೇಳಿದ "ಸಮನ್ವಯ" ಎಂದರೆ ಏನೆಂದು ಆಕೆಗೆ ಅರ್ಥವಾದದ್ದು ಆ ಹಾಳೆಯ ಮುಂದೆ. ಎರಡು ಕಚೇರಿಗಳ ನಡುವೆ ಓಡಾಡಬೇಕಾದದ್ದು ಮಾಹಿತಿ, ಓಡಾಡುತ್ತಿದ್ದವರು ವೃದ್ಧೆ. ಇನ್ನೊಂದು ಪಾಠ ತನ್ನ ತಪ್ಪಿನಿಂದ ಬಂದದ್ದು. ಕೌಂಟರಿನಲ್ಲಿ ಕುಳಿತವರು ಸಮಾಧಾನಕ್ಕಾಗಿ ಆಡುವ ಮಾತನ್ನು ಎದುರಿಗಿರುವವರು ಸರ್ಕಾರದ ಮಾತೆಂದೇ ನಂಬುತ್ತಾರೆ. ಆದ್ದರಿಂದ ಕಡತ ಎಲ್ಲಿದೆ, ಮುಂದೆ ಯಾರ ಬಳಿ ಹೋಗಬೇಕು, ಯಾವ ಕಾಗದ ಬೇಕು ಎಂಬ ಮೂರನ್ನು ಮಾತ್ರ ಹೇಳಬೇಕು. ಅದನ್ನು ಚೀಟಿಯಲ್ಲಿ ಬರೆದುಕೊಡಬೇಕು.

ಆಧಾರ್ ತಿದ್ದುಪಡಿ, ಬ್ಯಾಂಕ್ ಜೋಡಣೆ ಮುಗಿಯುವ ಮೊದಲೇ ಆಕೆಯ ಆರು ವಾರ ಮುಗಿದಿತ್ತು. ಆದರೂ ರಜೆಯ ದಿನಗಳಲ್ಲಿ ಜೊತೆಗೆ ಹೋಗಿ ಬಂದಳು. ನಾಲ್ಕನೇ ತಿಂಗಳು ಹಣ ಜಮೆಯಾಯಿತು.

ಕರ್ನಾಟಕದಲ್ಲಿ ಆಡಳಿತವನ್ನು ಹಳ್ಳಿಯ ಹತ್ತಿರಕ್ಕೆ ತಂದವರಲ್ಲಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರ ಹೆಸರು ಮೊದಲು ಬರುತ್ತದೆ. ಕೊಳವೆಬಾವಿಗಳಿಂದ ಕುಡಿಯುವ ನೀರು ಕೊಟ್ಟದ್ದಕ್ಕೆ ಜನ ಅವರನ್ನು "ನೀರ್ ಸಾಬ್" ಎಂದರು. ಅವರು ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಇಂದು ಅವರ ಹೆಸರಿದೆ. ಕಚೇರಿ ಹತ್ತಿರ ಬಂದರೆ ಸಾಲದು, ಒಳಗೆ ಕುಳಿತವರಿಗೆ ಹೊರಗೆ ನಿಂತವರ ಕಷ್ಟ ತಿಳಿದಿರಬೇಕು. ಈ ಪದವಿಗೆ ನೆರವು ನೀಡಲು ನಮಗೆ ಕಂಡ ಕಾರಣ ಅದೇ.

ಕುಟುಂಬಗಳಿಗೆ ಸೂಚನೆ

ಈ ಪಾಠ ನಿಮ್ಮ ಮಕ್ಕಳ ವಿದ್ಯಾರ್ಥಿವೇತನಕ್ಕೂ ಅನ್ವಯಿಸುತ್ತದೆ. ರಾಜ್ಯ ವಿದ್ಯಾರ್ಥಿವೇತನದ ಹಣವೂ ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ. ದಯವಿಟ್ಟು ಈ ವಾರ ಮನೆಯಲ್ಲಿ ಕುಳಿತು ಇಷ್ಟನ್ನು ಮಾಡಿ:

1. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಲ್ಲಿರುವ ಹೆಸರನ್ನು ಒಂದೇ ಹಾಳೆಯಲ್ಲಿ ಒಂದರ ಕೆಳಗೆ ಒಂದು ಬರೆಯಿರಿ.
2. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡು ಬಾರಿ ಮಾತ್ರ ಅವಕಾಶವಿದೆ. ಆದ್ದರಿಂದ ಅಂಕಪಟ್ಟಿಯ ಹೆಸರನ್ನು ಆಧಾರವಾಗಿಟ್ಟುಕೊಂಡು, ಯೋಚಿಸಿ ತಿದ್ದಿಸಿ.
3. ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಆಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.
4. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಸಕಾಲ ವ್ಯಾಪ್ತಿಯ ಸೇವೆ ನಿಗದಿತ ದಿನದೊಳಗೆ ಸಿಗದಿದ್ದರೆ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗಿದೆ.

ದಾನಿಗಳಲ್ಲಿ ನಮ್ಮದೊಂದು ಕೋರಿಕೆ. ಇದುವರೆಗೆ ನಾವು ಕಾಲೇಜು ಶುಲ್ಕವನ್ನಷ್ಟೇ ಕೊಡುತ್ತಿದ್ದೆವು. ಕ್ಷೇತ್ರಕಾರ್ಯದ ಊಟ, ಜೆರಾಕ್ಸ್, ಸರ್ಕಾರಿ ಬಸ್ಸಿಲ್ಲದ ಊರಿಗೆ ಆಟೋ ಖರ್ಚು ಮಕ್ಕಳ ಮೇಲೆಯೇ ಬೀಳುತ್ತಿತ್ತು. ಈ ಸಾಲಿನಿಂದ ಅದನ್ನೂ ಸೇರಿಸಲು ನಿರ್ಧರಿಸಿದ್ದೇವೆ. ನೀವು ಕೊಟ್ಟ ಹಣ ನಮ್ಮ ಬಳಿ ಇರುವ ಅಮಾನತ್ತು. ಅದು ಎಲ್ಲಿ ತಲುಪಿತೆಂದು ಹೇಳುವುದು ನಮ್ಮ ಕರ್ತವ್ಯ. ಈ ಬಾರಿ ಅದರಲ್ಲೊಂದು ಪಾಲು, ಒಬ್ಬ ವಿದ್ಯಾರ್ಥಿನಿಯ ಮೂಲಕ, ಒಬ್ಬ ವೃದ್ಧೆಯ ಪಾಸ್‌ಬುಕ್ಕಿನವರೆಗೆ ತಲುಪಿದೆ.