ಕೆಟ್ಟ ದಿನಕ್ಕೆ ಹೊಂದುವ ಪ್ಯಾರಾಚೂಟ್

ಮಗಳೇ,

ಕ್ಯಾಲಿಫೋರ್ನಿಯಾದಲ್ಲಿ ಕೆಲಸದ ನಡುವೆಯೂ ವಾರವಾರ ಡ್ರಾಪ್ ಝೋನ್‌ಗೆ ಹೋಗಿ, 25 ಜಂಪ್ ಮುಗಿಸಿ ಸ್ಕೈಡೈವಿಂಗ್‌ನ ಎ ಲೈಸೆನ್ಸ್ ಪಡೆದಿದ್ದೀಯ. ನಮ್ಮ ಮನೆಯಲ್ಲಿ ನನ್ನ ನಂತರ ವಿಮಾನದ ಬಾಗಿಲಿನಿಂದ ಹಾರಿದವಳು ನೀನೊಬ್ಬಳೇ. ತುಂಬ ಹೆಮ್ಮೆಯಾಗಿದೆ. ಬಾಡಿಗೆಯ ಪ್ಯಾರಾಚೂಟ್ ರಿಗ್ ಬಿಟ್ಟು ಸ್ವಂತದ್ದು ಕೊಳ್ಳಲು ಹೊರಟಿದ್ದೀಯ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ದುಡ್ಡು ಕೊಡುವ ಮೊದಲು ಈ ಮಾವನ ನಾಲ್ಕು ಮಾತು ಕೇಳಿಸಿಕೋ.

ಸೇನೆಯಲ್ಲಿ ನಮಗೆ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲಿನಲ್ಲಿ ಕೊಟ್ಟ ಗುಂಡನೆಯ ಪ್ಯಾರಾಚೂಟನ್ನು ಬೆನ್ನಿಗೇರಿಸಿಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದೆವು. ಅದರ ಅಳತೆ ಎಷ್ಟು, ಯಾರು ಮಡಚಬೇಕು, ಎಷ್ಟು ಎತ್ತರದಿಂದ ಹಾರಬೇಕು ಎಂಬುದನ್ನೆಲ್ಲ ಬೇರೆಯವರು ತೀರ್ಮಾನಿಸಿರುತ್ತಿದ್ದರು. ವಿಮಾನಕ್ಕೆ ಸಿಕ್ಕಿಸಿದ ಸ್ಟ್ಯಾಟಿಕ್ ಲೈನ್ ಅದನ್ನು ಬಿಚ್ಚುತ್ತಿತ್ತು. ನಿನ್ನ ಆಟದಲ್ಲಿ ಈ ತೀರ್ಮಾನಗಳೆಲ್ಲ ನಿನ್ನವೇ. ಲೈಸೆನ್ಸ್ ಬಂದ ದಿನದಿಂದ ಇನ್‌ಸ್ಟ್ರಕ್ಟರ್ ಪಕ್ಕಕ್ಕೆ ಸರಿಯುತ್ತಾರೆ. ಅಂಗಡಿಯವರು ಆಸೆ ಹುಟ್ಟಿಸುತ್ತಾರೆ, ಜೊತೆಯವರು ಹುರಿದುಂಬಿಸುತ್ತಾರೆ. ಈ ಹೊತ್ತಿನಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೋ: ಗೇರ್ ಕೊಳ್ಳುವಾಗ ನಿನ್ನ ಅತ್ಯುತ್ತಮ ಜಂಪನ್ನು ನೆನೆಯಬೇಡ, ಅತಿ ಕೆಟ್ಟ ಜಂಪನ್ನು ನೆನೆ. ಗಾಳಿ ಎದ್ದಿದೆ, ಇಳಿಯಬೇಕಾದ ಬಯಲು ದೂರ ಉಳಿದಿದೆ, ಕೆಳಗೆ ಗೊತ್ತಿಲ್ಲದ ಜಾಗ, ಮೈ ದಣಿದಿದೆ, ಎದುರಿಗೆ ಇನ್ನೊಬ್ಬ ಅಡ್ಡ ಬಂದಿದ್ದಾನೆ. ಆ ದಿನ ನಿನ್ನನ್ನು ಕಾಲ ಮೇಲೆ ನಿಲ್ಲಿಸುವ ಪ್ಯಾರಾಚೂಟ್ ಯಾವುದೋ ಅದೇ ನಿನ್ನದು.

ಮೊದಲು ಕ್ಯಾನಪಿಯ, ಅಂದರೆ ತಲೆಯ ಮೇಲೆ ಬಿಚ್ಚಿಕೊಳ್ಳುವ ಬಟ್ಟೆಯ ರೆಕ್ಕೆಯ ಅಳತೆ ನೋಡು. ಲೆಕ್ಕ ಸುಲಭ. ನಿನ್ನ ತೂಕಕ್ಕೆ ಬಟ್ಟೆ, ಹೆಲ್ಮೆಟ್, ರಿಗ್ ಎಲ್ಲದರ ತೂಕ ಸೇರಿಸಿ ಪೌಂಡಿನಲ್ಲಿ ಬರೆ. ಅದನ್ನು ಕ್ಯಾನಪಿಯ ಚದರ ಅಡಿಯಿಂದ ಭಾಗಿಸು. ಬರುವುದೇ ವಿಂಗ್ ಲೋಡಿಂಗ್. ನೀನು 60 ಕೆಜಿ ಇದ್ದೀಯ ಎಂದಿಟ್ಟುಕೊಂಡರೆ 132 ಪೌಂಡ್ ಆಯಿತು, ಗೇರ್ ಸುಮಾರು 25 ಪೌಂಡ್, ಒಟ್ಟು 157. 170 ಚದರ ಅಡಿಯ ಕ್ಯಾನಪಿಯಾದರೆ ಲೋಡಿಂಗ್ 0.92. 150 ಆದರೆ ಒಂದನ್ನು ಸ್ವಲ್ಪ ದಾಟುತ್ತದೆ. 120 ಆದರೆ 1.3. ಹೊಸಬರು ಒಂದರ ಆಸುಪಾಸಿನಲ್ಲಿ, ಆದಷ್ಟೂ ಅದಕ್ಕಿಂತ ಕೆಳಗೆ ಇರಬೇಕು. ಲೋಡಿಂಗ್ ಏರಿದಂತೆ ಮುಂದೆ ಹೋಗುವ ವೇಗವೂ ಕೆಳಗಿಳಿಯುವ ವೇಗವೂ ಏರುತ್ತವೆ. ದಿಕ್ಕು ತಿರುಗಿಸುವ ಹಿಡಿಕೆಯಾದ ಟಾಗಲ್ ಎಳೆದು ತಿರುಗುವಾಗ ಕಳೆದುಕೊಳ್ಳುವ ಎತ್ತರವೂ ಹೆಚ್ಚುತ್ತದೆ.

ನಿನ್ನಂಥ ಹಗುರ ಮೈಯವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ಎರಡು ಕ್ಯಾನಪಿಗಳ ಲೋಡಿಂಗ್ ಒಂದೇ ಇದ್ದರೂ, ಚಿಕ್ಕದರ ಲೈನುಗಳು ಗಿಡ್ಡ. ಹಾಗಾಗಿ ಅದು ಟಾಗಲ್‌ಗೆ ಚುರುಕಾಗಿ ಓಗೊಡುತ್ತದೆ, ಬೇಗ ಸುತ್ತುತ್ತದೆ. 85 ಕೆಜಿಯ ಗೆಳೆಯ 1.0 ಲೋಡಿಂಗಿನಲ್ಲಿ ಹಾಯಾಗಿ ಇಳಿಯುತ್ತಾನೆಂದರೆ, ಅದೇ ಅಂಕೆ ನಿನಗೂ ಅಷ್ಟೇ ಸೌಮ್ಯ ಎಂದುಕೊಳ್ಳಬೇಡ. 135 ಅಥವಾ 120 ಅಗ್ಗಕ್ಕೆ ಸಿಕ್ಕಿದೆ, ಹೇಗಿದ್ದರೂ ಮುಂದೆ ಚಿಕ್ಕದಕ್ಕೆ ಇಳಿಯಲೇಬೇಕಲ್ಲ ಎಂಬ ಮಾತು ಕೇಳಿ ಕೊಳ್ಳಲೇಬೇಡ. ಆ ಅಗ್ಗಕ್ಕೆ ಕಣಕಾಲನ್ನೇ ಬೆಲೆಯಾಗಿ ತೆತ್ತವರು ಬಹಳ ಮಂದಿ.

ಅಳತೆ ಇಳಿಸುವ ಕಾಲ ಬಂದೇ ಬರುತ್ತದೆ. ಒಂದೊಂದೇ ಮೆಟ್ಟಿಲು ಇಳಿ. ಅದಕ್ಕೂ ಮೊದಲು ಈಗಿನ ಕ್ಯಾನಪಿಯಲ್ಲಿ ಕಲಿಯಬೇಕಾದ್ದನ್ನೆಲ್ಲ ಕಲಿತೆಯಾ ಎಂದು ನಿನ್ನನ್ನೇ ಕೇಳಿಕೋ. ಎತ್ತರ ಹೆಚ್ಚು ಕಳೆಯದೆ ಚಪ್ಪಟೆಯಾಗಿ ತಿರುಗಿಸಲು ಬರುತ್ತದೆಯೇ? ಬ್ರೇಕ್ ಹಿಡಿದೇ ತಿರುಗಿಸಲು? ಅಡ್ಡಗಾಳಿಯಲ್ಲಿ ಇಳಿಯಲು? ಹಿಂದಿನ ರೈಸರ್‌ಗಳಿಂದ ಫ್ಲೇರ್ ಮಾಡಿ, ಅಂದರೆ ಇಳಿಯುವಾಗ ವೇಗ ತಗ್ಗಿಸಿ, ಅದರ ಗುಣ ತಿಳಿದಿದ್ದೀಯಾ? ಹೇಳಿದ ಜಾಗದಲ್ಲಿ ಸತತವಾಗಿ ಇಳಿಯುತ್ತೀಯಾ? ಇದರಲ್ಲಿ ಒಂದಕ್ಕಾದರೂ ಉತ್ತರ ಇಲ್ಲ ಎಂದಾದರೆ ದೊಡ್ಡ ಕ್ಯಾನಪಿಯೇ ನಿನ್ನ ಗುರು, ಅದರ ಹತ್ತಿರವೇ ಇರು.

ಮುಖ್ಯ ಪ್ಯಾರಾಚೂಟಾದ ಮೇನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆಪತ್ತಿಗೆಂದಿರುವ ರಿಸರ್ವ್ ಬಗ್ಗೆ ಯಾರೂ ಆಡುವುದಿಲ್ಲ. ಕಂಟೇನರ್ ಸಣ್ಣದಾಗಿ ಚೆಂದ ಕಾಣಲೆಂದು ಪುಟ್ಟ ರಿಸರ್ವ್ ಹಾಕಿಸಿಕೊಳ್ಳುವವರಿದ್ದಾರೆ. ಯೋಚಿಸಿ ನೋಡು: ಏನೋ ಕೆಟ್ಟ ಮೇಲೇ ಅಲ್ಲವೇ ರಿಸರ್ವ್ ಹೊರಬರುವುದು? ಆಗ ಎತ್ತರ ಕಡಿಮೆಯಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ, ಇಳಿಯುವ ಜಾಗ ನೀನು ಆರಿಸಿದ್ದಾಗಿರುವುದಿಲ್ಲ. ಪ್ರಜ್ಞೆ ತಪ್ಪಿದ್ದರೆ ಫ್ಲೇರ್ ಮಾಡುವವರೂ ಇರುವುದಿಲ್ಲ. ಎಚ್ಚರವಿಲ್ಲದ ಮೈಯನ್ನೂ ಬದುಕುವ ಹಾಗೆ ಇಳಿಸುವಷ್ಟು ದೊಡ್ಡ ರಿಸರ್ವ್ ಇರಲಿ.

ಹಳೆಯ ಗೇರ್ ಕೊಂಡರೆ ತಪ್ಪಿಲ್ಲ. ಮೊದಲ ರಿಗ್ ಹಳೆಯದೇ ಇರಲಿ ಎಂದು ನಾನೂ ಹೇಳುತ್ತೇನೆ, ಏಕೆಂದರೆ ಒಂದೆರಡು ವರ್ಷದಲ್ಲಿ ಅಳತೆ ಬದಲಾಗಬಹುದು. ಆದರೆ ಹಣ ಕೈ ಬದಲಾಗುವ ಮೊದಲು ಅದನ್ನು ನಿನ್ನ ಕಡೆಯ ರಿಗ್ಗರ್, ಅಂದರೆ ಪ್ಯಾರಾಚೂಟ್ ತಂತ್ರಜ್ಞ, ಬಿಚ್ಚಿ ನೋಡಬೇಕು. ಮಾರುವವನ ಸ್ನೇಹಿತ ನೋಡಿದ್ದು ಲೆಕ್ಕಕ್ಕಿಲ್ಲ. ತಯಾರಾದ ವರ್ಷ ಯಾವುದು, ರಿಸರ್ವ್ ಎಷ್ಟು ಸಲ ಬಳಕೆಯಾಗಿದೆ, ಲೈನುಗಳು ಸವೆದಿವೆಯೇ, ತಯಾರಕರು ಹೊರಡಿಸಿದ ಸುರಕ್ಷತಾ ಸೂಚನೆಗಳ ಕೆಲಸ ಮುಗಿದಿದೆಯೇ, ಆಪತ್ತಿನಲ್ಲಿ ರಿಸರ್ವನ್ನು ತಾನಾಗಿ ಬಿಚ್ಚುವ ಎಎಡಿ ಉಪಕರಣದ ಆಯುಷ್ಯ ಇನ್ನೆಷ್ಟು ಉಳಿದಿದೆ, ಇವೆಲ್ಲ ಕಾಗದದಲ್ಲಿ ಬರಲಿ. ಸ್ಪೆಕ್ಟ್ರಾ ಲೈನುಗಳು ಸ್ಲೈಡರ್‌ನ ತಿಕ್ಕಾಟದ ಬಿಸಿಗೆ ವರ್ಷ ಕಳೆದಂತೆ ಕುಗ್ಗುತ್ತವೆ. ಆಗ ಒಳ್ಳೆಯ ಕ್ಯಾನಪಿಯೂ ಒರಟಾಗಿ ಬಿಚ್ಚಿಕೊಂಡು ವಕ್ರವಾಗಿ ಹಾರುತ್ತದೆ. ಕಂಟೇನರಿಗೂ ಕ್ಯಾನಪಿಗೂ ಅಳತೆ ಹೊಂದಬೇಕು: ಬಿಗಿಯಾಗಿ ತುರುಕಿದರೆ ಬಿಚ್ಚಿಕೊಳ್ಳಲು ಕಷ್ಟ, ಸಡಿಲವಿದ್ದರೆ ಫ್ರೀಫಾಲ್‌ನಲ್ಲಿ ಪಿನ್ ತಾನಾಗಿ ಜಾರುವ ಭಯ. ಹಾರ್ನೆಸ್ ಕೂಡ ನಿನ್ನ ಮೈಗೇ ಹೊಂದಬೇಕು. ಎತ್ತರದ ಗಂಡಸಿಗೆ ಹೊಲಿದದ್ದನ್ನು ನೀನು ತೊಟ್ಟರೆ, ಕ್ಯಾನಪಿ ಬಿಚ್ಚಿದ ಕೂಡಲೇ ಅದು ಮೇಲಕ್ಕೆ ಸರಿದು ಹ್ಯಾಂಡಲ್‌ಗಳು ಕೈ ಹುಡುಕುವ ಜಾಗದಲ್ಲಿ ಇರುವುದಿಲ್ಲ. ಡ್ರಾಪ್ ಝೋನ್‌ನಲ್ಲಿ ಹಾರ್ನೆಸ್ ತೊಟ್ಟು ನೇತಾಡಿ ನೋಡಿದ ಮೇಲೆಯೇ ಒಪ್ಪಿಕೋ.

ಎಎಡಿ ಇಲ್ಲದೆ ಹಾರಬೇಡ. ಜರ್ಮನಿಯ ಹೆಲ್ಮುಟ್ ಕ್ಲೋತ್ ರೂಪಿಸಿದ ಸೈಪ್ರೆಸ್ ಎಂಬ ಎಎಡಿ 1991ರಲ್ಲಿ ಬಂದಾಗಿನಿಂದ ಎಷ್ಟೋ ಜನ ಮನೆಗೆ ಮರಳಿದ್ದಾರೆ. ಸಾಮಾನ್ಯ ಜಂಪರ್‌ಗಳು ಬಳಸುವ ಮಾದರಿ ಸುಮಾರು 750 ಅಡಿ ಎತ್ತರದಲ್ಲೂ ನೀನು ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಿದ್ದರೆ ರಿಸರ್ವ್‌ನ ಲೂಪ್ ಕತ್ತರಿಸುತ್ತದೆ. ಅದರ ಕೆಲಸ ಅಷ್ಟೇ. ಅರ್ಧ ಬಿಚ್ಚಿ ಸುತ್ತುತ್ತಿರುವ ಮೇನ್ ಕೆಳಗೆ ನಿನ್ನ ವೇಗ ಅದಕ್ಕಿಂತ ಕಡಿಮೆ ಇದ್ದರೆ ಅದು ಸುಮ್ಮನೇ ಇರುತ್ತದೆ. ಆಗ ಮೇನ್ ಬಿಡಿಸಬೇಕಾದವಳು ನೀನೇ. ಬಿಲ್ ಬೂತ್ ಕಂಡುಹಿಡಿದ ಮೂರು ರಿಂಗ್‌ಗಳ ವ್ಯವಸ್ಥೆಯಿಂದ ಒಂದೇ ಎಳೆತಕ್ಕೆ ಮೇನ್ ಕಳಚುತ್ತದೆ. ಆರ್‌ಎಸ್‌ಎಲ್ ಎಂಬ ಪಟ್ಟಿ ಇದ್ದರೆ ಕಳಚಿ ಹೋಗುವ ಮೇನ್ ರಿಸರ್ವ್‌ನ ಪಿನ್ನನ್ನೂ ಎಳೆಯುತ್ತದೆ. ಆರ್‌ಎಸ್‌ಎಲ್ ಹಾಕಿಸಿಕೋ, ರಿಸರ್ವನ್ನು ಇನ್ನೂ ಬೇಗ ಬಿಚ್ಚುವ ಸ್ಕೈಹುಕ್‌ನಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಆದರೂ ರಿಸರ್ವ್ ಹ್ಯಾಂಡಲ್ ಎಳೆಯುವುದು ನಿನ್ನ ಕೈಯ ಕೆಲಸ ಎಂದೇ ಅಭ್ಯಾಸ ಮಾಡು. ಉಪಕರಣ ಸುರಕ್ಷಿತವಾದಷ್ಟೂ ಮನುಷ್ಯ ಹೆಚ್ಚು ಸಾಹಸಕ್ಕೆ ಇಳಿದು ಆ ಲಾಭವನ್ನು ಕಳೆದುಕೊಳ್ಳುತ್ತಾನೆ ಎಂದು ಇದೇ ಬೂತ್ ಎಚ್ಚರಿಸಿದ್ದಾರೆ. ಅವರ ಈ ಮಾತನ್ನು ಮರೆಯಬೇಡ.

ಇನ್ನು ಎತ್ತರದ ವಿಷಯ. ಎ ಲೈಸೆನ್ಸ್‌ನವರು ಕನಿಷ್ಠ 3,000 ಅಡಿಯಲ್ಲಿ ಮೇನನ್ನು ಹೊರಗೆಳೆಯುವ ಪೈಲಟ್ ಚೂಟ್ ಎಸೆಯಬೇಕೆಂಬುದು ಅಮೆರಿಕದ ಪ್ಯಾರಾಚೂಟ್ ಸಂಘವಾದ ಯುಎಸ್‌ಪಿಎ ನಿಯಮ. ಹೊಸ ಗೇರ್‌ನೊಂದಿಗೆ ಮೊದಲ ಕೆಲವು ಜಂಪ್‌ಗಳಲ್ಲಿ ಇನ್ನೂ ಮೇಲೆಯೇ ಎಸೆ. ಕ್ಯಾನಪಿ ಸರಿಯಿಲ್ಲದಿದ್ದರೆ 2,500 ಅಡಿಗೆ ಇಳಿಯುವ ಮೊದಲೇ ತೀರ್ಮಾನವಾಗಿ ಕೈ ಕೆಲಸ ಮಾಡಬೇಕು. ಫ್ರೀಫಾಲ್‌ನಲ್ಲಿ ಗಂಟೆಗೆ ಸುಮಾರು 200 ಕಿ.ಮೀ. ವೇಗ, ಸಾವಿರ ಅಡಿ ಐದಾರು ಸೆಕೆಂಡಿನಲ್ಲಿ ಮುಗಿಯುತ್ತದೆ. ಏನೂ ಬಿಚ್ಚದೆ 2,500 ಅಡಿಯಲ್ಲಿದ್ದೀಯ ಎಂದರೆ ನೆಲಕ್ಕೆ ಉಳಿದದ್ದು 14 ಸೆಕೆಂಡ್. ಆ ಹೊತ್ತಿನಲ್ಲಿ ಹೊಸದಾಗಿ ಯೋಚಿಸಲು ಆಗುವುದಿಲ್ಲ, ನೆಲದ ಮೇಲೆ ಯೋಚಿಸಿಟ್ಟದ್ದನ್ನು ಮಾಡಲು ಮಾತ್ರ ಆಗುತ್ತದೆ. ಬಲಗಡೆಯ ಕಟ್‌ಅವೇ ಹ್ಯಾಂಡಲನ್ನು ನೋಡು, ಹಿಡಿ. ಎಡಗಡೆಯ ರಿಸರ್ವ್ ಹ್ಯಾಂಡಲ್ ನೋಡು. ಮೊದಲನೆಯದನ್ನು ಪೂರ್ತಿ ಎಳೆ, ಆಮೇಲೆ ಎರಡನೆಯದನ್ನು ಎಳೆ. ನಿನ್ನ ಇನ್‌ಸ್ಟ್ರಕ್ಟರ್ ಕಲಿಸಿದ ಕ್ರಮ ಇದಕ್ಕಿಂತ ಬೇರೆ ಇದ್ದರೆ ಅದನ್ನೇ ಹಿಡಿ. ಹಾರುವ ದಿನ ಪ್ರತಿ ಬೆಳಿಗ್ಗೆ ರಿಗ್ ತೊಟ್ಟು ಇದನ್ನು ಕೈಯಾರೆ ಮಾಡಿ ನೋಡು. ಕೈಯಲ್ಲೊಂದು ಆಲ್ಟಿಮೀಟರ್, ಹೆಲ್ಮೆಟ್ಟಿನೊಳಗೆ ಸದ್ದು ಮಾಡುವ ಇನ್ನೊಂದು ಇರಲಿ. ಸದ್ದು ಕೇಳಿಸುತ್ತದೆಂದು ಕಣ್ಣಿಗೆ ರಜೆ ಕೊಡಬೇಡ.

ಕ್ಯಾನಪಿ ಸರಿಯಾಗಿ ಬಿಚ್ಚಿತು, ಇನ್ನು ಗೆದ್ದೆ ಎಂದುಕೊಳ್ಳುವ ಗಳಿಗೆಯೇ ನನಗೆ ಹೆಚ್ಚು ಭಯ. ಅಮೆರಿಕದ ಅಪಘಾತ ವರದಿಗಳನ್ನು ಓದಿ ನೋಡು. ಚೆನ್ನಾಗಿ ಹಾರುತ್ತಿದ್ದ ಕ್ಯಾನಪಿಯ ಕೆಳಗೇ, ನೆಲ ಹತ್ತಿರವಾದಾಗ ಟಾಗಲ್ ಎಳೆದು ತಿರುಗಿ ಸತ್ತವರ ಕಥೆ ಮತ್ತೆ ಮತ್ತೆ ಬರುತ್ತದೆ. ಗಾಳಿಗೆ ಎದುರಾಗಿಯೇ ಇಳಿಯಬೇಕೆಂಬ ಹಟಕ್ಕೆ, ಬೇಲಿ ತಪ್ಪಿಸುವ ಗಾಬರಿಗೆ ಕೊನೆಯ ಕ್ಷಣದಲ್ಲಿ ತಿರುಗುತ್ತಾರೆ. ತಿರುವಿನಲ್ಲಿ ಕ್ಯಾನಪಿ ಮೂತಿ ಕೆಳಗೆ ಮಾಡಿ ಧುಮುಕುತ್ತದೆ, ಸರಿಪಡಿಸಿಕೊಳ್ಳಲು ಎತ್ತರ ಉಳಿದಿರುವುದಿಲ್ಲ. ಅದಕ್ಕೇ 1,000 ಅಡಿಯಿಂದ ಇಳಿಯುವ ದಾರಿಯ ಪ್ಯಾಟರ್ನ್ ಶುರು ಮಾಡು, 600 ಮತ್ತು 300ರಲ್ಲಿ ತಿರುವು ಮುಗಿಸು, ಆಮೇಲೆ ನೇರ ಬಾ. ರೆಕ್ಕೆ ಸಮವಾಗಿರಲಿ, ಬಯಲು ತೆರೆದಿರಲಿ, ಫ್ಲೇರ್ ಮಾಡು. ಗಾಳಿಯ ದಿಕ್ಕು ಇವೆಲ್ಲದರ ನಂತರದ ಮಾತು. ಗಾಳಿ ಬೆನ್ನಿಗಿದ್ದರೂ ಸಮವಾಗಿ ಬಂದು ಉರುಳಿದರೆ ಮೈ ತರಚೀತು, ತಗ್ಗಿನಲ್ಲಿ ತಿರುಗಿದರೆ ಜೀವ ಹೋದೀತು. ಆಗ್ರಾದಲ್ಲಿ ನಮಗೆ ಉರುಳುವುದನ್ನೇ ದಿನಗಟ್ಟಲೆ ಕಲಿಸುತ್ತಿದ್ದರು: ಎರಡೂ ಪಾದ, ಮೊಣಕಾಲು ಜೋಡಿಸಿ, ಪಕ್ಕಕ್ಕೆ ಹೊರಳುವುದು. ಆಧುನಿಕ ಕ್ಯಾನಪಿ ಬಂದ ಮೇಲೆ ಇದನ್ನು ಹಳೆಯ ಕಾಲದ್ದೆಂದು ಜನ ಬಿಟ್ಟಿದ್ದಾರೆ. ನೀನು ಬಿಡಬೇಡ. ನಿಂತೇ ಇಳಿಯಬೇಕೆಂಬ ಹಮ್ಮು ಬೇಡ.

ಚಿಕ್ಕ ಚಿಕ್ಕ ವಸ್ತುಗಳನ್ನು ಕಡೆಗಣಿಸಬೇಡ. ಮೇನ್‌ನ ಕ್ಲೋಸಿಂಗ್ ಲೂಪ್ ಸ್ವಲ್ಪ ಸವೆದರೂ ಬದಲಿಸು, ಅದಕ್ಕೆ ಬಿಡಿಗಾಸಿನ ಖರ್ಚು. ಪೈಲಟ್ ಚೂಟ್ ಇಡುವ ಚೀಲ ಸಡಿಲವಾಗಿದೆಯೇ ನೋಡು. ಮಡಚುವಾಗ ಪೈಲಟ್ ಚೂಟನ್ನು ಕಾಕ್ ಮಾಡಿ ಸಜ್ಜುಗೊಳಿಸಿದೆಯಾ ಎಂದು ಅದರ ಪಟ್ಟಿಯ ಪುಟ್ಟ ಕಿಟಕಿಯ ಬಣ್ಣ ನೋಡಿ ಖಚಿತ ಮಾಡಿಕೋ. ತಿಂಗಳಿಗೊಮ್ಮೆ ಮೂರು ರಿಂಗ್ ಬಿಡಿಸಿ, ರೈಸರ್ ಆಡಿಸಿ, ಕೇಬಲ್ ಒರೆಸು. ಅಮೆರಿಕದಲ್ಲಿ ರಿಸರ್ವ್ 180 ದಿನಕ್ಕೊಮ್ಮೆ ರಿಗ್ಗರ್ ಕೈಯಲ್ಲಿ ಮಡಚಿಸಬೇಕೆಂಬುದು ಕಾನೂನು. ತೊಡುವ ಮೊದಲು, ವಿಮಾನ ಹತ್ತುವ ಮೊದಲು, ಬಾಗಿಲು ತೆರೆಯುವ ಮೊದಲು, ಹೀಗೆ ಮೂರು ಸಲ ಗೇರ್ ನೋಡು. ಎದೆಯ ಪಟ್ಟಿ ಬಕಲ್‌ನೊಳಗೆ ಸರಿಯಾಗಿ ಹೊಕ್ಕಿದೆಯೇ ಎಂದು ಕೈ ಮುಟ್ಟಿ ನೋಡು, ಬೆನ್ನಿನ ಪಿನ್‌ಗಳನ್ನು ಇನ್ನೊಬ್ಬರಿಂದ ನೋಡಿಸು. ವಿಮಾನದಲ್ಲಿ ಬೆನ್ನನ್ನು ಗೋಡೆಗೆ ಉಜ್ಜದೆ ಕೂರು. ತೆರೆದ ಬಾಗಿಲ ಬಳಿ ಪೈಲಟ್ ಚೂಟ್ ಜಾರಿದರೆ ನೀನಲ್ಲದೆ ಒಳಗಿರುವವರೆಲ್ಲ ಅಪಾಯಕ್ಕೆ ಸಿಲುಕುತ್ತಾರೆ.

ಹೆಲ್ಮೆಟ್ಟಿಗೆ ಕ್ಯಾಮೆರಾ ಈಗಲೇ ಬೇಡ. 200 ಜಂಪ್ ಆಗುವ ತನಕ ಕಾಯಿರಿ ಎಂದು ಯುಎಸ್‌ಪಿಎ ಹೇಳುವುದಕ್ಕೆ ಕಾರಣವಿದೆ: ಅದು ಲೈನಿಗೆ ಸಿಕ್ಕಿಕೊಳ್ಳಬಹುದು, ಅದಕ್ಕಿಂತ ಹೆಚ್ಚಾಗಿ ಎತ್ತರ ನೋಡಬೇಕಾದ ಗಮನವನ್ನು ಕದಿಯುತ್ತದೆ. ರಜೆಗೆ ಊರಿಗೆ ಬಂದು ಹೋದ ಮೇಲೂ ಎಚ್ಚರ ಬೇಕು. ಮೈಸೂರಿನಲ್ಲಿ ಜಂಪ್ ಕ್ಯಾಂಪ್‌ಗಳು ನಡೆದದ್ದುಂಟು, ಆದರೆ ನಮ್ಮ ಕಡೆ ಕ್ಯಾಲಿಫೋರ್ನಿಯಾದ ಹಾಗೆ ವಾರವಾರ ಹಾರುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ. 60 ದಿನ ಹಾರದೆ ಉಳಿದರೆ ಇನ್‌ಸ್ಟ್ರಕ್ಟರ್ ಜೊತೆ ಮತ್ತೊಮ್ಮೆ ಕಲಿತೇ ಹಾರು. ಗಾಳಿ ಜೋರಿದ್ದ ದಿನ, ಮನಸ್ಸು ಕೆಟ್ಟ ದಿನ, ‘ಇವತ್ತು ಬೇಡ’ ಎಂದು ಹೇಳಲು ಯಾರ ಒಪ್ಪಿಗೆಯೂ ಬೇಕಿಲ್ಲ. ವಿಮಾನ ಹತ್ತಿದ ಮೇಲೂ ಹಾಗೆ ಹೇಳಿ ಅದರಲ್ಲೇ ಕೆಳಗಿಳಿಯಬಹುದು.

ಇಷ್ಟೆಲ್ಲ ಹೇಳಿದ ಮೇಲೆ ದುಡ್ಡನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕೆಂದು ಕೇಳಿದರೆ ನನ್ನ ಉತ್ತರ ಇದು. ಮೊದಲ ಹಣ ಕ್ಯಾನಪಿ ಕೋರ್ಸ್‌ಗೆ. ಬಿ ಲೈಸೆನ್ಸ್‌ಗೆ ಹೇಗೂ ಅದು ಬೇಕು, ಆದರೆ ಲೈಸೆನ್ಸಿಗಾಗಿ ಕಾಯದೆ ಈಗಲೇ ಸೇರು. ನಂತರ ಮೈಗೆ ಹೊಂದುವ ಹಾರ್ನೆಸ್, ದೊಡ್ಡ ರಿಸರ್ವ್, ಆಯುಷ್ಯ ಉಳಿದಿರುವ ಎಎಡಿ, ಒಳ್ಳೆಯ ಹೆಲ್ಮೆಟ್, ಆಲ್ಟಿಮೀಟರ್. ಮೇನ್‌ನ ಬಣ್ಣ, ಜಂಪ್‌ಸೂಟ್‌ನ ಚೆಂದ ಕೊನೆಗೆ. ಈ ವಾರವೇ ರಿಗ್ಗರನ್ನು ಕಂಡು ನಿನ್ನ ನಿಜವಾದ ತೂಕ ಹೇಳು, ಕೊಳ್ಳಬೇಕೆಂದಿರುವ ರಿಗ್ ಅವರ ಮೇಜಿನ ಮೇಲೆ ಇಡು. ಅವರು ಬೇಡವೆಂದರೆ ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡು. ನೀನು ಇನ್ನೂ ಸಾವಿರ ಸಲ ಹಾರಬೇಕು ಎಂಬುದು ನನ್ನಾಸೆ. ಅದಕ್ಕೆ ಅವಸರವಿಲ್ಲ.

ನಿನ್ನ ಮಾವ